ವಖಾರಿಯ ಅಂಗಳದಲ್ಲಿ ಫುಗಡಿ

ದೇಶಪಾಂಡೆ ನಗರ, ಹುಬ್ಬಳ್ಳಿ
೧೧ ಫೆಬ್ರುವರಿ ೨೦೨೪

ಪ್ರೀತಿಯ ನಾಹಿದಾ,

ಲಕೋಟೆ ನೋಡಿದ ಕೂಡಲೇ ಗಾಬರಿಯಾಗಿರುತ್ತೀ. ಯಾರೂ ಸತ್ತಿಲ್ಲ, ನನಗೆ ಸಕ್ಕರೆ ಕಾಯಿಲೆಯೂ ಬಂದಿಲ್ಲ. ಕೈಯಲ್ಲಿ ಫೋನ್ ಇಟ್ಟುಕೊಂಡು ಪತ್ರ ಯಾಕೆ ಬರೆದಳು ಅಂತೀ ಏನು? ಧಾರವಾಡದಲ್ಲಿ ಒಂದು ಕ್ಲಾಸಿಗೆ ಹೋಗುತ್ತಿದ್ದೇನೆ. ಹೆಂಗಸರ ಕ್ಲಾಸು, ಮಂಗಳವಾರಕ್ಕೊಮ್ಮೆ. ಒಂದು ಹಳೆಯ ಮನೆಯ ಪಡಸಾಲೆಯಲ್ಲಿ ಕೌದಿ ಹಾಸಿ ಕೂಡಿಸುತ್ತಾರೆ. ಮೈ ಸಡಿಲ ಬಿಡುವುದು, ಉಸಿರಾಡುವುದು, ಹೀಗೇ ಏನೇನೋ. ಅಲ್ಲಿಯ ಜಯಾ ಮೇಡಂ ಹೋದ ವಾರ ಎಲ್ಲರಿಗೂ ಒಂದು ಕೆಲಸ ಹಚ್ಚಿದರು. "ನೀವು ಸಣ್ಣವರಿದ್ದಾಗ ಓಡೂದು, ಜಿಗಿಯೂದು ಯಾರು ನೋಡ್ಯಾರ, ಅವರಿಗೆ ಕೈಲೆ ಒಂದು ಪತ್ರ ಬರೀರಿ. ಫೋನ್ ಮಾಡಬ್ಯಾಡ್ರಿ." ನಾನು ಓಡಿದ್ದನ್ನು ನೋಡಿದವರಲ್ಲಿ ಈಗ ಉಳಿದವಳು ನೀನೊಬ್ಬಳೇ ನೋಡವ್ವ.

ಬರೆಯಲು ಕೂತರೆ ನಮ್ಮ ಶಾಲೆಯ ಅಕ್ಕೋರು ನೆನಪಾದರು. ಮಾತಾಡಿದ ಹಾಗೇ ಬರೆದರೆ ಬೆರಳಿನ ಗಂಟಿನ ಮೇಲೆ ಪಟ್ಟಿಯಿಂದ ಕೊಡುತ್ತಿದ್ದರಲ್ಲ? "ಬಾಯಾಗ ಹೆಂಗರ ಮಾತಾಡ್ರಿ, ಹಾಳಿ ಮ್ಯಾಲೆ ಛಂದಂಗ ಬರೀರಿ!" ಅದಕ್ಕೇ ಇಷ್ಟು ಛಂದಾಗಿ ಬರೆಯುತ್ತಿದ್ದೇನೆ, ನಗಬೇಡ.

ಹಳೇ ಹುಬ್ಬಳ್ಳಿಯ ನಮ್ಮ ಓಣಿ ಮೊನ್ನೆಯಿಂದ ಕಣ್ಣ ಮುಂದೆಯೇ ಇದೆ. ಈ ಕಡೆ ನಮ್ಮಪ್ಪ ಮಹಾದೇವಪ್ಪನ ಹತ್ತಿ ವಖಾರಿ, ಎದುರಿಗೆ ನಿಮ್ಮ ಅಬ್ಬಾ ಮಲ್ಲಿಕಸಾಬರ ಗಾದಿ ಅಂಗಡಿ. ಬೆಳಕು ಹರಿಯುವುದರೊಳಗೆ ಅವರು ಹತ್ತಿ ಹಿಂಜುವ ಬಿಲ್ಲಿನ ಟೊಂಯ್ ಟೊಂಯ್ ಶುರು. ಅವರ ಹುಬ್ಬು, ಮೀಸೆ, ರೆಪ್ಪೆಯ ಮೇಲೆಲ್ಲ ಹತ್ತಿ ಕೂತಿರುತ್ತಿತ್ತು. ನಾವಿಬ್ಬರೂ "ಅಜ್ಜಾ, ಅಜ್ಜಾ" ಅಂತ ಕಾಡಿಸಿದರೆ ಬಿಲ್ಲಿನ ಸದ್ದು ನಿಲ್ಲಿಸದೆಯೇ ನಗುತ್ತಿದ್ದರು. ಪಂಚಮಿ ಬಂತೆಂದರೆ ಒಂದು ಕೈಯಲ್ಲಿ ಶೇಂಗಾ ಉಂಡಿ ಹಿಡಿದು ನೀನು ನಮ್ಮ ವಖಾರಿಯ ಅಂಗಳದಲ್ಲಿ ಹಾಜರ್. ಆಮೇಲೆ ಫುಗಡಿ. ಕೈಗೆ ಕೈ ಅಡ್ಡ ಹಾಕಿ ಹಿಡಿದು, ಹೆಜ್ಜೆಗೆ ಹೆಜ್ಜೆ ಕೂಡಿಸಿ, ಮೈಯೆಲ್ಲ ಹಿಂದಕ್ಕೆ ಚೆಲ್ಲಿ ಗರಗರ ತಿರುಗುವುದು. ಆಕಾಶ, ಸೂರು, ನಿನ್ನ ಹಲ್ಲು, ಮತ್ತೆ ಆಕಾಶ. ಅಷ್ಟು ಖುಷಿ ನನಗೆ ಮುಂದೆ ಯಾವತ್ತೂ ಆಗಲಿಲ್ಲ ಅನ್ನಿಸುತ್ತದೆ.

ಒಂದು ಕೇಳಬೇಕಿತ್ತು. ನಾವು ಐದನೆಯ ಇಯತ್ತೆಯಲ್ಲಿದ್ದಾಗಿನ ಆ ಪಂಚಮಿಯ ದಿನ ನನ್ನ ಕೈ ಹೇಗೆ ಜಾರಿತು, ನಿನಗೆ ನೆನಪಿದೆಯೇ? ಜೋರಾಗಿ ತಿರುಗಿದ್ದು ನೆನಪಿದೆ. ನಾನು ಹತ್ತಿಯ ಗುಡ್ಡೆಯ ಮೇಲೆ ಬಿದ್ದು ನಕ್ಕಿದ್ದು, ನೀನು ಕಟ್ಟೆಯ ಕಲ್ಲಿಗೆ ಬಡಿದು ಚೀರಿದ್ದು ನೆನಪಿದೆ. ನಡುವಿನದು ಮಾತ್ರ ಇಲ್ಲ.

ಇನ್ನೊಂದು ಸುದ್ದಿ. ನಮ್ಮ ಆರತಿ ಬಸುರಿ! ಶ್ರಾವಣದಲ್ಲಿ ದಿನ ಕೊಟ್ಟಿದ್ದಾರೆ, ಬಾಣಂತನ ನಮ್ಮಲ್ಲೇ. "ಅವ್ವಾ, ಕೂಸಿಗೆ ಎರಿಯಾಕ ಬ್ಯಾರೆ ಯಾರನ್ನೂ ಹಚ್ಚಬ್ಯಾಡ, ನೀನ ಎರಿಬೇಕು" ಅಂತ ಈಗಲೇ ಹಟ ಹಿಡಿದಿದ್ದಾಳೆ. ಹೂಂ ಅಂದಿದ್ದೇನೆ.

ನಿನ್ನ
ಭಾಗ್ಯಶ್ರೀ


ಮಿರಜ
೨೬ ಫೆಬ್ರುವರಿ ೨೦೨೪

ಭಾಗ್ಯಾ,

ಅಜ್ಜಿಯಾಗುವವಳಿಗೆ ಸಲಾಮ್! ನಿನ್ನ ಪತ್ರ ತಂದ ಪೋಸ್ಟಿನವನಿಗೆ ಚಹಾ ಕುಡಿಸಿ ಕಳಿಸಿದೆ. ಕನ್ನಡ ಬರೆಯದೆ ಮೂವತ್ತು ವರ್ಷವಾಯಿತು. ಇಲ್ಲಿ ಬಾಯಿ ತೆರೆದರೆ ಮರಾಠಿ, ಮನೆಯಲ್ಲಿ ಮಕ್ಕಳದು ಹಿಂದಿ. ಒತ್ತಕ್ಷರ ತಪ್ಪಿದ್ದರೆ ಅಕ್ಕೋರಿಗೆ ಹೇಳಬೇಡ.

ಮೈ ಸಡಿಲ ಬಿಡುವ ಕ್ಲಾಸೇ? ಏ ಹುಚ್ಚಿ, ಅದಕ್ಕೆ ಧಾರವಾಡದ ತನಕ ಯಾಕೆ ಹೋಗಬೇಕು? ನಮ್ಮ ಅಂಗಡಿಯ ಗಾದಿ ಒಂದು ಕಳಿಸುತ್ತೇನೆ, ಮಲಗು, ತಾನೇ ಸಡಿಲಾಗುತ್ತದೆ. ಚಾಷ್ಟಿ ಮಾಡಿದೆ. ನಿಮ್ಮ ಮನೆಯವರು ಗುರುಪಾದಪ್ಪನವರು ಹೋಗಿ ಎರಡು ವರ್ಷವಾಯಿತು, ಮನೆ ಬಿಕೋ ಅನ್ನುತ್ತಿರಬೇಕು, ನಾಲ್ಕು ಮಂದಿಯ ಜೊತೆ ಕೂಡುವುದು ಛಲೋ. ಅಂಥ ತಣ್ಣನೆಯ ಮನುಷ್ಯನನ್ನು ನಾನು ನೋಡಿಲ್ಲ. ನಾನು ನಿನ್ನ ಮನೆಗೆ ಬಂದಾಗ ತಾವೇ ಮಾವಿನಹಣ್ಣು ತೊಳೆದು ತಾಟಿನಲ್ಲಿ ತಂದಿಟ್ಟು, "ತಂಗಿ, ಇದು ನಿಮ್ಮ ತವರುಮನಿ ಅಂತ ತಿಳ್ಕೋರಿ" ಅಂದಿದ್ದರು. ಇಲ್ಲಿ ಬಂದು ನಮ್ಮ ಮನೆಯವರಿಗೆ ಹೇಳಿ ಹೇಳಿ ಬೇಸರ ತರಿಸಿದ್ದೆ. ನಿನ್ನ ನಸೀಬು ದೊಡ್ಡದಿತ್ತು.

ಕೂಸಿಗೆ ಎರೆಯುವುದಕ್ಕೆ ಏನು ಚಿಂತೆ? ಮೂರು ಮೊಮ್ಮಕ್ಕಳಿಗೆ ನಾನೇ ಎರೆದೆ. ಬಚ್ಚಲಲ್ಲಿ ಕಾಲು ಚಾಚಿ ಕೂತು ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡರೆ ಆಯಿತು. ಎಣ್ಣೆ ಹಚ್ಚಿದ ಕೂಸು ಮೀನಿನ ಹಾಗೆ ಜಾರುತ್ತದೆ, ಕೈಯೊಂದು ಗಟ್ಟಿ ಇರಬೇಕು, ಅಷ್ಟೇ.

ಫುಗಡಿಯ ಮಾತು ಈಗ ಯಾಕೆ? ಸಣ್ಣ ಹುಡುಗಿಯರು, ಆಡಿದೆವು, ಬಿದ್ದೆವು. ನನ್ನ ಎಡಮೊಳಕೈ ಸೊಟ್ಟಗೇ ಉಳಿಯಿತು. ಅದರಿಂದ ರೊಟ್ಟಿ ಬಡಿಯುವುದಕ್ಕೇನೂ ಅಡ್ಡಿಯಿಲ್ಲ.

ನಾಹಿದಾ


ದೇಶಪಾಂಡೆ ನಗರ
೩ ಜೂನ್ ೨೦೨೪

ನಾಹಿದಾ,

ನೀನು ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನಾನು ಬಿಸಿಲು ಬಹಳ ಅಂದು ಫೋನ್ ಇಟ್ಟೆ. ನಿನ್ನ ಪತ್ರ ಓದಿ ಸಿಟ್ಟು ಬಂದಿತ್ತು. ಎರಡು ಹೋಳು ಹರಿದೆ. ಮರುದಿನ ಗೋಂದು ಹಚ್ಚಿ ಕೂಡಿಸಿದೆ. ನಿನ್ನದೇನು ತಪ್ಪು? ನಾನು ಹೇಳಿದ್ದರೆ ತಾನೇ ನಿನಗೆ ತಿಳಿಯುವುದು.

ಈಗ ಹೇಳುತ್ತೇನೆ. ಮಾವಿನಹಣ್ಣು ತೊಳೆದು ತಂದ ಆ ಕೈಗಳೇ ಇಪ್ಪತ್ತೆಂಟು ವರ್ಷ ನನ್ನ ಬಲಮುಂಗೈ ಹಿಡಿದು ತಿರುವಿದವು. ಅವರು ಹೊಡೆಯುತ್ತಿರಲಿಲ್ಲ, ಹೊಡೆದರೆ ನಾಲ್ಕು ಮಂದಿಗೆ ಕಾಣುತ್ತದೆ. ಕಪ್ಪು ಬಿದ್ದರೆ, ಸಾರು ಚೆಲ್ಲಿದರೆ, ಏನೂ ಬೀಳದಿದ್ದರೂ, ಹತ್ತಿರ ಬಂದು ಮುಂಗೈ ಹಿಡಿದು ಮೆಲ್ಲಗೆ ತಿರುವುತ್ತಿದ್ದರು. ಕಿವಿಯಲ್ಲಿ ಒಂದೇ ಮಾತು: "ನಿನ್ನ ಕೈಯಾಗ ಏನೂ ನಿಲ್ಲಂಗಿಲ್ಲ."

ಆ ಮಾತು ಅವರದಲ್ಲ. ನಮ್ಮಪ್ಪನದು. ನೀನು ಬಿದ್ದ ದಿನ ಓಣಿಯ ಮಂದಿಯ ಎದುರು ನನಗೆ ಅಂದದ್ದು. ನಿಶ್ಚಯದ ದಿನ ನಗಿಸುವುದಕ್ಕೆಂದು ಅಪ್ಪನೇ ಆ ಕಥೆಯನ್ನು ಅವರಿಗೆ ಹೇಳಿದ್ದ. ಅವರು ಅವತ್ತು ನಗಲಿಲ್ಲ, ನೆನಪಿಟ್ಟುಕೊಂಡರು. ಆರತಿ ಹುಟ್ಟಿದಾಗ ನನ್ನ ಕೈಯಿಂದ ಒಂದು ದಿನವೂ ಎರೆಸಲಿಲ್ಲ. ಅತ್ತೆಯೇ ಎರೆದರು. ನಾನು ಬಾಗಿಲಲ್ಲಿ ಟಾವೆಲ್ ಹಿಡಿದು ನಿಲ್ಲುತ್ತಿದ್ದೆ.

ಅವರು ಹೋದ ಮೇಲಾದರೂ ಕೈ ನೆಟ್ಟಗಾಗಬೇಕಿತ್ತು. ಹೆಚ್ಚಾಯಿತು. ಯಾರಾದರೂ ನೋಡುತ್ತಿದ್ದರೆ ಸಾಕು, ಹಿಡಿದದ್ದು ಏನೇ ಇರಲಿ, ಬೆರಳು ತಾವೇ ಬಿಚ್ಚಿಕೊಳ್ಳುತ್ತವೆ. ಎಲುಬು ಸರಿ ಇದೆ, ನರ ಸರಿ ಇದೆ ಅಂತ ಮೂರು ಡಾಕ್ಟರು ಹೇಳಿದರು. ಮೂರನೆಯ ಡಾಕ್ಟರಮ್ಮ ಜಯಾ ಮೇಡಂ ಹತ್ತಿರ ಕಳಿಸಿದರು. ಕ್ಲಾಸು ಅಂದೆನಲ್ಲ, ಅದು ಮೈಮೇಲೆ ಹಾದುಹೋದದ್ದನ್ನು ಮೈಯಿಂದಲೇ ಬಿಡಿಸುವ ಜಾಗ. ಅಲ್ಲಿ ಬರುವವರೆಲ್ಲ ನನ್ನಂಥವರೇ. ಏನಾಯಿತು ಅಂತ ಮೇಡಂ ಮೊದಲು ಕೇಳುವುದಿಲ್ಲ. "ಮೈಯಾಗ ಎಲ್ಲೆ ಐತ್ರಿ?" ಅಂತ ಕೇಳುತ್ತಾರೆ. ನಾನು ಮುಂಗೈ ತೋರಿಸಿದೆ. ಮೊದಲನೆಯ ತಿಂಗಳು ಅಷ್ಟೇ ನಡೆಯಿತು.

ಒಂದು ದಿನ ಎಲ್ಲರನ್ನೂ ಸುತ್ತ ಕೂಡಿಸಿ ತುಂಬಿದ ತಂಬಿಗೆಯೊಂದನ್ನು ಕೈಯಿಂದ ಕೈಗೆ ದಾಟಿಸಲು ಹೇಳಿದರು. ನನ್ನ ಕೈಗೆ ಬಂತು, ಬಿತ್ತು. ಕೌದಿಯೆಲ್ಲ ತೊಯ್ದಿತು. ನಾನು ತಲೆ ಬಗ್ಗಿಸಿ ಮುಂಗೈ ಮುಂದೆ ಮಾಡಿ ಕೂತುಬಿಟ್ಟೆ, ಯಾರೋ ಬಂದು ತಿರುವುತ್ತಾರೆ ಅನ್ನುವ ಹಾಗೆ. ಯಾರೂ ಬರಲಿಲ್ಲ. ಮಗ್ಗುಲಲ್ಲಿ ಕಾಯಿಪಲ್ಲೆ ಮಾರುವ ಮಾಳವ್ವ ಇದ್ದಳು. ಮೇಡಂ ತಂಬಿಗೆ ತುಂಬಿ ಅವಳ ಕೈಗೆ ಕೊಟ್ಟರೆ ಬೇಕಂತಲೇ ಢಣ್ಣನೆ ಬೀಳಿಸಿ, "ಅಯ್ಯ ಯವ್ವಾ, ನನ್ನ ಕೈಯಾಗೂ ನಿಲ್ಲಲಿಲ್ಲ ನೋಡು" ಅಂದಳು. ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಈಗ ತಂಬಿಗೆ ದಾಟಿಸುತ್ತೇನೆ. ನಡುಕ ಬಂದರೆ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಮೆಲ್ಲಗೆ ಉಸಿರು ಬಿಡು ಅಂತ ಕಲಿಸಿದ್ದಾರೆ. ಆದರೆ ಇಬ್ಬಿಬ್ಬರು ಕೈ ಕೈ ಹಿಡಿದು ಹಿಂದಕ್ಕೆ ಜೋತುಬೀಳುವುದು ಒಂದಿದೆ. ಅದನ್ನು ನೋಡಿದರೆ ನನಗೆ ಕಟ್ಟೆಯ ಕಲ್ಲೇ ಕಾಣುತ್ತದೆ, ಎದ್ದು ಹೊರಗೆ ಹೋಗುತ್ತೇನೆ.

ಆರತಿ ಮುಂದಿನ ತಿಂಗಳು ಬರುತ್ತಾಳೆ. ಅವಳಿಗೆ ಅಪ್ಪ ಅಂದರೆ ಜೀವ, ಏನೂ ಹೇಳಿಲ್ಲ. ತಂಬಿಗೆ ಬಿದ್ದರೆ ನೀರು ಚೆಲ್ಲುತ್ತದೆ. ಕೂಸು ಬಿದ್ದರೆ? ನನಗಿರುವುದು ಇದೊಂದೇ ಭಯ ನಾಹಿದಾ. ಅದಕ್ಕೇ ಕೇಳುತ್ತಿದ್ದೇನೆ. ಆ ದಿನ ನನ್ನ ಕೈ ಹೇಗೆ ಬಿಟ್ಟಿತು, ನಿನಗೆ ತಿಳಿದಷ್ಟು ಖರೇ ಹೇಳು.

ಭಾಗ್ಯಾ


ಮಿರಜ
೨೦ ಜೂನ್ ೨೦೨೪

ಭಾಗ್ಯಾ,

ಇದು ಆರನೆಯ ಹಾಳೆ. ಐದು ಹರಿದು ಒಲೆಗೆ ಹಾಕಿದೆ. ಸುತ್ತಿ ಬಳಸಿ ಬರೆದರೆ ಇದೂ ಒಲೆಗೇ ಹೋಗುತ್ತದೆ, ಅದಕ್ಕೆ ನೆಟ್ಟಗೆ ಬರೆಯುತ್ತೇನೆ. ಕೈ ಬಿಟ್ಟವಳು ನೀನಲ್ಲ. ನಾನು.

ಪಂಚಮಿಯ ಹಿಂದಿನ ದಿನ ನಿಮ್ಮವ್ವ ನಿನ್ನ ಜೊತೆ ನನ್ನನ್ನೂ ಕೂಡಿಸಿ ಹಸಿರು ಬಳೆ ಇಡಿಸಿದ್ದರು, ನೆನಪಿದೆಯೇ? ಕೈಗೆ ಆರಾರು. ನಮ್ಮ ಮನೆಯಲ್ಲಿ ಹೊಸ ಬಳೆ ಅಂದರೆ ಈದಿಗೆ ಮಾತ್ರ. ಆ ರಾತ್ರಿ ಒಡೆದಾವು ಅಂತ ಕೈ ಎದೆಯ ಮೇಲೆ ಇಟ್ಟುಕೊಂಡು ಮಲಗಿದ್ದೆ. ಮರುದಿನ ಫುಗಡಿ. ನಿನ್ನ ಹಿಡಿತ ಅಂದರೆ ಹಿಡಿತ, ನನ್ನ ಮುಂಗೈಯನ್ನೇ ಹಿಡಿದಿದ್ದೆ. ತಿರುಗುವಾಗ ಚಟ್ ಅಂತ ಒಂದು ಬಳೆ ಒಡೆಯಿತು. ಇನ್ನೊಂದು. ಉಳಿದ ನಾಲ್ಕಾದರೂ ಉಳಿಯಲಿ ಅಂತ ನಾನು ಕೈ ಬಿಚ್ಚಿ ಜಗ್ಗಿಕೊಂಡೆ. ನೀನು ಬಿಡಲಿಲ್ಲ. ಇನ್ನೂ ಗಟ್ಟಿ ಹಿಡಿದೆ. ನಾನು ಎರಡನೆಯ ಸಲ ಜಗ್ಗಿಕೊಂಡೆ. ಬಿದ್ದ ಮೇಲೆ ನೋಡಿದರೆ ಒಂದು ಬಳೆಯೂ ಉಳಿದಿರಲಿಲ್ಲ.

"ಯಾರು ಬೇಟಿ ಕೈ ಬಿಟ್ಟಾರ?" ಅಂತ ಅಬ್ಬಾ ಕೇಳಿದರು. ಭಾಗ್ಯಾ ಅಂದೆ. ಸಾವಕಾರರ ಮಗಳನ್ನು ಯಾರು ಬೈಯುತ್ತಾರೆ ಅಂದುಕೊಂಡಿದ್ದೆ. ಆಮೇಲೆ ನಿಮ್ಮಪ್ಪ ಅಂದದ್ದು ನನ್ನ ಕಿವಿಗೂ ಬಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ಮುರಿದ ಕೈ ಕೂಡುವ ತನಕ ದಿನ ದೂಡಿದೆ. ಕೈ ಕೂಡಿದ ಮೇಲೆ ಎಲ್ಲರೂ ಮರೆತರು ಅಂತ ಸುಮ್ಮನಾದೆ. ನಿನ್ನ ಬೆರಳಿನ ಗುರುತು ನನ್ನ ಮುಂಗೈ ಮೇಲೆ ಎಂಟು ದಿನ ಇತ್ತು. ನಾಲ್ಕು ನೀಲಿ ಗೆರೆ, ಒಳಗೆ ಹೆಬ್ಬೆರಳಿನದೊಂದು. ನಿನ್ನ ಕೈಯಲ್ಲಿ ಏನೂ ನಿಲ್ಲುವುದಿಲ್ಲ ಅಂದವರು ಆ ಗುರುತು ನೋಡಬೇಕಿತ್ತು.

ಇಷ್ಟಕ್ಕೇ ಮುಗಿಸಿದರೆ ಅರ್ಧ ಖರೇ ಹೇಳಿದ ಹಾಗೆ. ಮಾವಿನಹಣ್ಣಿನ ದಿನ ನೀನು ತಾಟು ನನ್ನ ಕಡೆ ಸರಿಸಿದಾಗ ಸೀರೆಯ ಸೆರಗು ಸರಿದು ನಿನ್ನ ಮುಂಗೈ ಕಂಡಿತು. "ಬಾಗಲದಾಗ ಸಿಕ್ತು" ಅಂದೆ ನೀನು. ನಾಲ್ಕು ಗೆರೆ ಮೇಲೆ, ಒಂದು ಒಳಗೆ. ಬಾಗಿಲಿನ ಗುರುತು ಹಾಗಿರುವುದಿಲ್ಲ ಅಂತ ಆ ಊರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗುರುಪಾದಪ್ಪನವರು ಹಿಂದೆಯೇ ನಿಂತಿದ್ದರು. ನಾನು ಗಾಡಿಗೆ ಹೊತ್ತಾಯಿತು ಅಂದೆ. ಹೊತ್ತೇನೂ ಆಗಿರಲಿಲ್ಲ, ಸ್ಟೇಶನ್ನಿನಲ್ಲಿ ಎರಡು ತಾಸು ಕೂತಿದ್ದೆ. ಆಮೇಲೆ ಅವರು ಬಹಳ ಒಳ್ಳೆಯವರು ಅಂತ ಎಲ್ಲರಿಗೂ ಹೇಳುತ್ತ ಬಂದೆ. ಹೇಳಿ ಹೇಳಿ ನಾನೇ ನಂಬಿದೆ.

ನಿನ್ನ ಕೈ ನಾನು ಎರಡು ಸಲ ಬಿಟ್ಟೆ. ನೀನು ಒಮ್ಮೆಯೂ ಬಿಟ್ಟಿಲ್ಲ.

ನಾಹಿದಾ


ದೇಶಪಾಂಡೆ ನಗರ
೧ ಜುಲೈ ೨೦೨೪

ನಾಹಿದಾ,

ನಾಲ್ಕು ಬಳಿ ಸಲುವಾಗಿ! ನಲವತ್ತು ವರ್ಷ ನಿನ್ನ ಸುಳ್ಳನ್ನು ನನ್ನ ಕೈಯಲ್ಲಿ ಹೊತ್ತು ತಿರುಗಿದೆನಲ್ಲೇ. ಅಪ್ಪ ಆ ಮಾತು ಹೇಳದಿದ್ದರೆ ನಮ್ಮ ಮನೆಯವರ ಬಾಯಿಗೆ ಆ ಮಾತು ಸಿಗುತ್ತಿತ್ತೇ? ಸಿಗದಿದ್ದರೂ ತಿರುವುತ್ತಿದ್ದರು, ಅದು ನನಗೂ ಗೊತ್ತಿದೆ. ಆದರೆ ತಿರುವಿದಾಗಲೆಲ್ಲ "ಇವರು ಹೇಳುವುದು ಖರೇನೇ, ನಾನು ನಾಹಿದಾನ ಕೈ ಮುರಿದವಳು" ಅಂತ ನಾನೇ ನನಗೆ ಹೇಳಿಕೊಂಡೆ. ಅದರ ಲೆಕ್ಕ ಯಾರು ಕೊಡುತ್ತಾರೆ? ಮತ್ತೆ ಆ ದಿನ ನನ್ನ ಮುಂಗೈ ನೋಡಿಯೂ ನೀನು ಎದ್ದು ಹೋದೆ.

ಇಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿಲ್ಲ. ಪತ್ರ ಹಿಡಿದು ಧಾರವಾಡಕ್ಕೆ ಹೋಗಿ ಕೂಗಾಡಿದೆ. ಜಯಾ ಮೇಡಂ ಕೇಳಿದ್ದು ಒಂದೇ, "ಕೈ ಈಗ ಹೆಂಗ ಐತ್ರಿ?" ನೋಡಿದರೆ ಪತ್ರ ಮುದ್ದೆಯಾಗಿತ್ತು. ಎಲ್ಲರೂ ನೋಡುತ್ತಿದ್ದರೂ ಮುಷ್ಟಿ ಬಿಚ್ಚಿರಲಿಲ್ಲ.

ಸದ್ಯಕ್ಕೆ ಫೋನ್ ಮಾಡಬೇಡ.

ಭಾಗ್ಯಶ್ರೀ


ಮಿರಜ
೪ ಆಗಸ್ಟ್ ೨೦೨೪

ಭಾಗ್ಯಾ,

ಪಾರ್ಸೆಲ್ಲಿನೊಳಗೆ ಕೂಸಿನ ಗಾದಿ ಇದೆ. ಮಷೀನಿನ ಹತ್ತಿಯಲ್ಲ. ಅಟ್ಟದ ಮೇಲಿನಿಂದ ಅಬ್ಬಾನ ಬಿಲ್ಲು ಇಳಿಸಿ ನಾನೇ ಹಿಂಜಿದೆ, ಇದೇ ಸೊಟ್ಟ ಕೈಯಿಂದ. ಹುಬ್ಬಿನ ಮೇಲೆ ಹತ್ತಿ ಕೂತಿದ್ದು ನೋಡಿ ಮೊಮ್ಮಗಳು "ದಾದಿ ಬುಡ್ಢಿ", ಅಜ್ಜಿ ಮುದುಕಿ, ಅಂತ ನಕ್ಕಳು. ನಿನ್ನ ನೆನಪು ಬಹಳ ಆಯಿತು.

ಮಾಫಿ ಕೇಳುವುದಕ್ಕೆ ಕಳಿಸಿದ್ದಲ್ಲ. ಕೂಸು ಮಲಗಲಿ ಅಂತ.

ನಾಹಿದಾ


ದೇಶಪಾಂಡೆ ನಗರ
೨೯ ಆಗಸ್ಟ್ ೨೦೨೪

ನಾಹಿದಾ,

ಹೆಣ್ಣು ಕೂಸು. ಪಂಚಮಿಯಾಗಿ ಮೂರು ದಿನಕ್ಕೆ ಹುಟ್ಟಿತು. ಮೂರು ಕಿಲೋಗೆ ಸ್ವಲ್ಪ ಕಡಿಮೆ, ಕೂದಲು ಮಾತ್ರ ರಾಶಿ. ನಿನ್ನ ಗಾದಿಯ ಮೇಲೆಯೇ ಮಲಗುತ್ತದೆ, ಬೇರೆ ಕಡೆ ಹಾಕಿದರೆ ಓಣಿ ಎಬ್ಬಿಸುತ್ತದೆ.

ಹೊಕ್ಕಳಬಳ್ಳಿ ಬಿದ್ದ ಮರುದಿನ ಮೊದಲನೆಯ ಸಲ ಎರೆಯುವುದಿತ್ತು. ಬಂಬದಲ್ಲಿ ನೀರು ಕಾದಿತ್ತು. ಮಣೆ ಹಾಕಿ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತೆ. ಆರತಿ ಕೂಸನ್ನು ನನ್ನ ಕಾಲ ಮೇಲೆ ಹಾಕಿ, ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತಳು. ಅವಳು ನೋಡುತ್ತಿದ್ದಾಳೆ ಅಂದ ಕೂಡಲೇ ಶುರುವಾಯಿತು ನೋಡು, ಮುಂಗೈಯಿಂದ ಬೆರಳಿನ ತುದಿಯ ತನಕ. ಅವಳಿಗೆ ಕಾಣದ ಹಾಗೆ ಮುಚ್ಚಿಕೊಳ್ಳೋಣ ಅಂದರೆ ಎರಡೂ ಕೈ ಕೂಸಿನ ಮೇಲಿವೆ. ಮೊದಲ ಸಲ ಬಾಯಿ ಬಿಟ್ಟು ಹೇಳಿದೆ.

"ಆರತಿ, ನನ್ನ ಕೈ ನಡಗಾಕತ್ತೈತಿ."

"ಗೊತ್ತೈತಿ ಅವ್ವಾ. ನಾ ಸಣ್ಣಾಕಿದ್ದಾಗಿಂದ ನೋಡೇನಿ. ಯಾಕ ನಡಗತೈತಿ ಅನ್ನೂದೂ ನೋಡೇನಿ. ಅದಕ್ಕ ನೀನ ಎರಿಬೇಕು ಅಂದಿದ್ದು."

ಇಷ್ಟು ವರ್ಷ ನಾನು ಸೆರಗಿನಲ್ಲಿ ಮುಚ್ಚಿದ್ದೇನೆ ಅಂದುಕೊಂಡಿದ್ದು ಯಾರಿಂದ? ಅಳು ಬಂತು, ಅಳುತ್ತಲೇ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದೆ. ಉಸಿರು ಬಿಟ್ಟೆ. ಆರತಿ ಹತ್ತಿರ ಬರಲಿಲ್ಲ, ಕೈ ಕೊಡಲಿಲ್ಲ, ಕಣ್ಣು ತೆಗೆಯಲೂ ಇಲ್ಲ. ನಡುಕ ನಿಂತಿತು ಅಂತ ಸುಳ್ಳು ಹೇಳುವುದಿಲ್ಲ. ನಡುಗುತ್ತಲೇ ಎಣ್ಣೆ ಹಚ್ಚಿದೆ, ನಡುಗುತ್ತಲೇ ನೀರು ಹಾಕಿದೆ. ಮೂರನೆಯ ತಂಬಿಗೆಗೆ ಕೂಸು ಅಳು ನಿಲ್ಲಿಸಿ ನನ್ನ ಕಾಲ ಮೇಲೆಯೇ ಆಕಳಿಸಿತು.

ಮೈ ಒರೆಸುವಾಗ ಇನ್ನೊಂದು ಹೆದರಿಕೆ ಹೊಕ್ಕಿತು, ಅದು ನೀನು ಕೊಟ್ಟದ್ದು. ನನ್ನ ಹಿಡಿತ ಅಂದರೆ ಹಿಡಿತ ಅಂದಿದ್ದೆಯಲ್ಲ? ಕೂಸನ್ನು ಬೆಳಕಿಗೆ ತಂದು ಎರಡೂ ತೋಳು ತಿರುಗಿಸಿ ನೋಡಿದೆ. ಒಂದು ಗೆರೆಯೂ ಇರಲಿಲ್ಲ. ಇವತ್ತಿಗೆ ಹತ್ತು ಸಲ ಎರೆದಿದ್ದೇನೆ, ಹತ್ತು ಸಲವೂ ನೋಡಿದ್ದೇನೆ.

ಹದಿನೈದನೆಯ ತಾರೀಖು ರವಿವಾರ ತೊಟ್ಟಿಲಿಗೆ ಹಾಕುತ್ತೇವೆ. ನೀನು ಬರಬೇಕು. ಸಿಟ್ಟು ಪೂರ್ತಿ ಹೋಗಿಲ್ಲ, ಬಂದ ಮೇಲೆ ಇನ್ನೂ ನಾಲ್ಕು ಮಾತು ಅನ್ನುವುದಿದೆ, ಕೂತು ಅನ್ನಿಸಿಕೋ. ಈ ಸಲ ಗಾಡಿಗೆ ಹೊತ್ತಾಯಿತು ಅಂದರೆ ಬಿಡುವುದಿಲ್ಲ. ಮಂಗಳವಾರ ಧಾರವಾಡಕ್ಕೂ ಕರೆದುಕೊಂಡು ಹೋಗುತ್ತೇನೆ. ಹಿಂದಕ್ಕೆ ಜೋತುಬೀಳುವುದನ್ನು ನಾನಿನ್ನೂ ಮಾಡಿಲ್ಲ. ಮಾಳವ್ವ ಬಾ ಬಾ ಅಂತ ಕರೆಯುತ್ತಾಳೆ. "ನನ್ನ ಜೋಡಿ ಮಿರಜದಾಗ ಐತಿ, ಬರತಾಳ" ಅಂದಿದ್ದೇನೆ.

ಬರುವಾಗ ಬರಿಗೈಯಲ್ಲಿ ಬಾ. ಮೊನ್ನೆ ದುರ್ಗದಬೈಲಿನ ಬಜಾರಿಗೆ ಹೋಗಿ ಹಸಿರು ಬಳೆ ತಂದಿಟ್ಟಿದ್ದೇನೆ, ನಿನಗೂ ನನಗೂ ಕೈಗೆ ಆರಾರು. ಗಂಡ ಸತ್ತವಳಿಗೆ ಹಸಿರು ಬಳೆ ಯಾಕೆ ಅಂತ ಬೀಗತಿ ಕೇಳಿದರೆ ಕೇಳಲಿ, ಫುಗಡಿ ಆಡುವುದಕ್ಕೆ ಅನ್ನುತ್ತೇನೆ.

ಗಟ್ಟಿ ಹಿಡಿ, ನಾಹಿದಾ. ಬಳಿ ಒಡದರ ಒಡೀಲಿ.

ನಿನ್ನ
ಭಾಗ್ಯಾ